ಎಲ್‌ಕೆಜಿ ಮಕ್ಕಳ ಕಲಿಕೆಯನ್ನು ನೀವು ಹೇಗೆ ಬರೆದಿಡುತ್ತೀರಿ? ಫೋಟೋ ಹಾಕಿ ಹಾಕಿ ಸಾಕಾಗಿದೆ

ತುಂಗಾತೀರ
ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗ ಕಡೆಯ ಚಿಕ್ಕ ಖಾಸಗಿ ಶಾಲೆಯೊಂದರಲ್ಲಿ ಎಲ್‌ಕೆಜಿ ಟೀಚರ್. 26 ಮಕ್ಕಳು, ಜೊತೆಗೆ ಒಬ್ಬರು ಆಯಾ. ಈ ವರ್ಷ ಮ್ಯಾನೇಜ್‌ಮೆಂಟ್ ಹೊಸ ಆ್ಯಪ್ ತಂದಿದೆ. ದಿನಾ ಪ್ರತಿ ಮಗುವಿನ ಒಂದಾದರೂ ಫೋಟೋ ಹೋಗಬೇಕು, ಕೆಳಗೆ ಒಂದು ಸಾಲು ಇರಬೇಕು. ಇದಕ್ಕೆ ಅವರು ಇಟ್ಟಿರುವ ಹೆಸರು ಡಾಕ್ಯುಮೆಂಟೇಶನ್.

ಮಗು ಜೇಡಿಮಣ್ಣಿನಲ್ಲಿ ಮುಳುಗಿರುತ್ತದೆ. ನಾನು "ಇಲ್ಲಿ ನೋಡು ಪುಟ್ಟಾ" ಅನ್ನಬೇಕು. ತಲೆ ಎತ್ತಿ ಹಲ್ಲು ಕಿರಿಯುತ್ತದೆ, ಫೋಟೋ ಸಿಗುತ್ತದೆ, ಆಟ ಅಲ್ಲಿಗೆ ಕೆಟ್ಟಿತು. ಕೆಳಗೆ "ಎಂಜಾಯಿಂಗ್ ಕ್ಲೇ ಟೈಮ್" ಅಂತ ಬರೆಯುತ್ತೇನೆ. ನಿನ್ನೆ ಇನ್ನೊಂದು ಮಗುವಿಗೂ ಅದನ್ನೇ ಬರೆದಿದ್ದೆ. ಇದರಿಂದ ಮಗು ಏನು ಕಲಿಯಿತು ಅಂತ ಯಾರಿಗೆ ಗೊತ್ತಾಗುತ್ತದೆ, ಹೇಳಿ?

ನಿಮ್ಮ ಕಡೆ ಹೇಗೆ? ನೋಟ್‌ಬುಕ್ಕಾ, ಚೆಕ್‌ಲಿಸ್ಟಾ, ಫೈಲಾ? ಯಾವುದು ನಿಜಕ್ಕೂ ಕೆಲಸಕ್ಕೆ ಬಂತು? ಮ್ಯಾನೇಜ್‌ಮೆಂಟ್‌ಗೆ ತೋರಿಸಲು ಏನಾದರೂ ಆಧಾರ ಇದ್ದರೆ ಅದನ್ನೂ ಹೇಳಿ.

ಪುಟ್ಟಿ ಅಪ್ಪ
ನಾನು ಪೇರೆಂಟ್ ಕಡೆಯಿಂದ ಮಾತಾಡುತ್ತೇನೆ, ಬೈಬೇಡಿ. ಮಧ್ಯಾಹ್ನ ಮೀಟಿಂಗ್ ನಡುವೆ ಮಗಳ ಫೋಟೋ ಬಂದರೆ ಜೀವ ತಂಪಾಗುತ್ತದೆ. ಅಳುತ್ತಿಲ್ಲ, ಊಟ ಮಾಡಿದಳು, ಅಷ್ಟು ಗೊತ್ತಾದರೆ ಸಾಕು. ಇಷ್ಟಕ್ಕೇ ಟೀಚರ್‌ಗಳು ಯಾಕೆ ಇಷ್ಟು ಗೊಣಗುತ್ತಾರೋ.

ಕರಾವಳಿ ಕಾಕು
@ಪುಟ್ಟಿ ಅಪ್ಪ ನಿಮ್ಮೊಬ್ಬರ ಜೀವ ತಂಪಾಗಲು ಅಲ್ಲಿ 26 ಸಲ ಆಟ ನಿಲ್ಲಬೇಕು. ಲೆಕ್ಕ ಹಾಕಿ ನೋಡಿ.

ಪುಟ್ಟಿ ಅಪ್ಪ
ಎಲ್ಲರನ್ನೂ ಸೇರಿಸಿ ಒಂದೇ ಗ್ರೂಪ್ ಫೋಟೋ ತೆಗೆಯಿರಿ ಮಾರಾಯ್ರೇ.

ಅಂಗಳದಕ್ಕ
ನಾನು ವಿಜಯಪುರ ಜಿಲ್ಲೆಯ ಅಂಗನವಾಡಿ ಕಾರ್ಯಕರ್ತೆ. ನಿಮ್ಮದು ಒಂದೇ ಆ್ಯಪ್ ಅಲ್ವಾ ತಂಗಿ, ಪುಣ್ಯವಂತೆ. ನಮಗೆ 2021ರಿಂದ ಪೋಷಣ್ ಟ್ರ್ಯಾಕರ್ ಅಂತ ಕೇಂದ್ರ ಸರ್ಕಾರದ ಆ್ಯಪ್ ಇದೆ. ಹಾಜರಿ, ತೂಕ, ಎತ್ತರ, ಊಟ, ಮನೆಗೆ ಕೊಡುವ ರೇಷನ್, ಎಲ್ಲ ಅದರಲ್ಲೇ. 2025ರಿಂದ ರೇಷನ್ ಕೊಡಬೇಕಾದರೆ ಮುಖವನ್ನೂ ಸ್ಕ್ಯಾನ್ ಮಾಡಬೇಕು. ನೆಟ್‌ವರ್ಕ್ ಇಲ್ಲದ ದಿನ ಬಾಣಂತಿಯರನ್ನು ಅಂಗಳದಲ್ಲಿ ನಿಲ್ಲಿಸಿಕೊಂಡು ಫೋನ್ ಆಕಾಶಕ್ಕೆ ಎತ್ತಿ ಹಿಡಿಯುತ್ತೇನೆ. ಇದೆಲ್ಲ ಮುಗಿದ ಮೇಲೆ ಮಕ್ಕಳ ಕಲಿಕೆ.

ಆದರೂ ಒಂದು ಮಾತು. ತೂಕದ ಚಾರ್ಟ್ ನನಗೆ ಇಷ್ಟ. ಹಸಿರು, ಹಳದಿ, ಕಿತ್ತಳೆ ಮೂರು ಪಟ್ಟಿ. ತಿಂಗಳಿಗೊಂದು ಚುಕ್ಕೆ. ಗೆರೆ ಚಪ್ಪಟೆ ಆಯ್ತು ಅಂದರೆ ಮಗು ಇನ್ನೂ ಹಸಿರಿನಲ್ಲೇ ಇದ್ದರೂ ನಾನು ಅವರ ಮನೆಗೆ ಹೋಗುತ್ತೇನೆ. ಜ್ವರ ಬಂದಿತ್ತಾ, ತಾಯಿ ಕಬ್ಬು ಕಡಿಯಲು ಹೋಗಿದ್ದಾಳಾ, ಅಂತ ಕೇಳುತ್ತೇನೆ. ಒಂದು ಚುಕ್ಕೆ ಹಾಕಿದ್ದಕ್ಕೆ ಒಂದು ಕೆಲಸ ಆಗುತ್ತದೆ. ಮಾತು, ಎಣಿಕೆ, ಆಟಕ್ಕೆ ಅಂಥದ್ದೊಂದು ಚಾರ್ಟ್ ಕೊಡಿ ಅಂತ ಟ್ರೇನಿಂಗಿನಲ್ಲಿ ಕೇಳಿದ್ದೆ. ಎಲ್ಲರೂ ನಕ್ಕರು.

ಸುಮ್ನೆ ಓದುಗ
ನಮ್ಮ ಕಾಲದಲ್ಲಿ ಸ್ಲೇಟು. ಬರೆದದ್ದನ್ನು ಎಂಜಲು ಹಚ್ಚಿ ಒರೆಸಿದರೆ ದಾಖಲೆಯೇ ಇಲ್ಲ. ಆದರೂ ಬದುಕಿದ್ದೇವೆ.

ಬಿಳಿಗೋಡೆ
@ತುಂಗಾತೀರ ಆಧಾರ ಬೇಕು ಅಂದಿರಿ. 2022ರ ಅಕ್ಟೋಬರ್‌ನಲ್ಲಿ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಬಂತು. 3ರಿಂದ 8 ವರ್ಷದ ಮಕ್ಕಳಿಗೆ. ಈ ವಯಸ್ಸಿಗೆ ಪರೀಕ್ಷೆ, ಟೆಸ್ಟ್ ಕೂಡದು ಅಂತ ಅದರಲ್ಲಿ ನೇರವಾಗಿ ಇದೆ. ಮಗುವನ್ನು ಗಮನಿಸುವುದು ಮತ್ತು ಮಗು ಮಾಡಿದ್ದನ್ನು ನೋಡಿ ಅರ್ಥ ಮಾಡಿಕೊಳ್ಳುವುದು, ಇವೆರಡೇ ಮುಖ್ಯ ದಾರಿ ಎಂದೂ ಹೇಳಿದ್ದಾರೆ. ಘಟನಾ ಟಿಪ್ಪಣಿ, ಚೆಕ್‌ಲಿಸ್ಟ್, ಕೃತಿಸಂಪುಟ (ಮಗು ಮಾಡಿದ್ದನ್ನು ಕೂಡಿಸಿಟ್ಟ ಫೈಲ್) ಎಲ್ಲಕ್ಕೂ ಅಲ್ಲಿ ಜಾಗ ಇದೆ. ದಿನಾ ಫೋಟೋ ಹಾಕಿ ಅಂತ ನನಗೆ ಎಲ್ಲೂ ಕಾಣಲಿಲ್ಲ. ಪ್ರಿಂಟ್ ತೆಗೆದು ನಿಮ್ಮ ಮ್ಯಾನೇಜ್‌ಮೆಂಟ್ ಟೇಬಲ್ ಮೇಲೆ ಇಡಿ.

ಇನ್ನು ಬರೆಯುವ ವಿಷಯ. ನಾನು ಟೀಚರ್‌ಗಳಿಗೆ ತರಬೇತಿ ಕೊಡುತ್ತೇನೆ. ಹತ್ತರಲ್ಲಿ ಒಂಬತ್ತು ನೋಟ್‌ಬುಕ್ಕಿನಲ್ಲಿ ಕಾಣುವುದು ಇದು: "ಚೂಟಿ ಹುಡುಗಿ. ಎಣಿಕೆ ಚೆನ್ನಾಗಿ ಬರುತ್ತದೆ. ಸ್ವಲ್ಪ ಗಮನ ಕೊಡಬೇಕು." ಯಾವ ಮಗುವಿಗೆ ಬೇಕಾದರೂ ಹಚ್ಚಬಹುದು, ಜಾತಕದ ಹಾಗೆ.

ಅದೇ ಹುಡುಗಿಯನ್ನು ಐದು ನಿಮಿಷ ಪಕ್ಕದಲ್ಲಿ ಕೂತು ನೋಡಿ ಬರೆದದ್ದು ಹೀಗಿತ್ತು:

"ಹುಣಸೆ ಬೀಜ ಸಾಲಾಗಿ ಇಟ್ಟಳು. ಒಂದೊಂದನ್ನೇ ಮುಟ್ಟಿ ಎಣಿಸಿದಳು. ಆರರ ತನಕ ಸರಿ. ಆಮೇಲೆ ಬೆರಳು ಎರಡು ಬೀಜ ದಾಟಿತು, ಬಾಯಲ್ಲಿ ಒಂದೇ ಸಂಖ್ಯೆ ಬಂತು. ಹತ್ತಕ್ಕೆ ನಿಲ್ಲಿಸಿದಳು. 'ಒಟ್ಟು ಎಷ್ಟಿದೆ?' ಅಂತ ಕೇಳಿದೆ. ಮತ್ತೆ ಒಂದರಿಂದ ಶುರು ಮಾಡಿದಳು."

ಇಷ್ಟೇ. ಹೊಗಳಿಕೆ ಇಲ್ಲ, ತೆಗಳಿಕೆ ಇಲ್ಲ. ಆದರೆ ಕೊನೆಯ ಸಾಲು ನೋಡಿ. ಎಷ್ಟು ಅಂತ ಕೇಳಿದಾಗ ಮತ್ತೆ ಎಣಿಸುವ ಮಗುವಿಗೆ, ಕೊನೆಗೆ ಹೇಳಿದ ಸಂಖ್ಯೆಯೇ ಒಟ್ಟು ಎನ್ನುವುದು ಇನ್ನೂ ಕೂತಿಲ್ಲ. ಅವಳಿಗೆ ಎಣಿಕೆ ಒಂದು ಹಾಡು. ನೂರರ ತನಕ ಬಾಯಿಪಾಠ ಮಾಡಿಸಿದರೆ ಹಾಡು ಉದ್ದ ಆಗುತ್ತದೆ, ಅಷ್ಟೇ. ನಾಳೆ ಮಾಡಬೇಕಾದದ್ದು ಬೇರೆ: ಬುಟ್ಟಿಯಲ್ಲಿ ಬೀಜ ಇಟ್ಟು "ನನಗೆ ನಾಲ್ಕು ಕೊಡು" ಅನ್ನಬೇಕು. ಕೊಟ್ಟರೆ ಐದು ಕೇಳಬೇಕು.

ತುಂಗಾತೀರ
@ಬಿಳಿಗೋಡೆ ಇದನ್ನು ಓದಿ ನನ್ನ ತರಗತಿಯ ನಾಲ್ಕು ಮುಖ ಕಣ್ಣ ಮುಂದೆ ಬಂತು. ನೂರರ ತನಕ ಹೇಳುತ್ತಾರೆ, ಮೂರು ಬಿಸ್ಕತ್ತು ತಾ ಅಂದರೆ ಮುಷ್ಟಿ ತುಂಬಾ ತರುತ್ತಾರೆ!

ಆದರೆ 26 ಮಕ್ಕಳಿಗೆ ಹೀಗೆ ಬರೆಯಲು ಆಗುತ್ತಾ?

ನಲಿಕಲಿ ಮೇಷ್ಟ್ರು
ಆಗಲ್ಲ. ಪ್ರತಿ ದಿನ ಎಲ್ಲರದ್ದೂ ಬರೆಯುತ್ತೇನೆ ಅನ್ನುವವರು ಶುಕ್ರವಾರ ಸಂಜೆ ಕೂತು ಒಟ್ಟಿಗೆ ಕಟ್ಟಿ ಬರೆಯುತ್ತಾರೆ. ಇಷ್ಟು ವರ್ಷ ಸರ್ಕಾರಿ ಶಾಲೆಯಲ್ಲಿ ನೋಡಿದ್ದೇನೆ.

ನಲಿಕಲಿ ಅಂದರೆ ಸರ್ಕಾರಿ ಶಾಲೆಯ ಚಿಕ್ಕ ತರಗತಿಗಳಿಗೆ ಕಾರ್ಡು, ಆಟದ ಮೂಲಕ ಕಲಿಸುವ ಪದ್ಧತಿ. ಹುಟ್ಟಿದ್ದು 1995ರಲ್ಲಿ, ಎಚ್.ಡಿ. ಕೋಟೆಯಲ್ಲಿ. ಯುನಿಸೆಫ್ ನೆರವು ಇತ್ತು, ಆಂಧ್ರದ ರಿಷಿ ವ್ಯಾಲಿ ಶಾಲೆಯ ಕಾರ್ಡು ಪದ್ಧತಿ ಮಾದರಿ. ಶುರುವಿನಲ್ಲಿ ಮೇಷ್ಟ್ರುಗಳೇ ಕೂತು ಕಾರ್ಡು ತಯಾರಿಸಿದ್ದು. ಕಲಿಕಾ ಏಣಿ, ಮೈಲಿಗಲ್ಲು, ತಲೆ ಮೇಲೆ ಚಪ್ಪರ, ಅದರಲ್ಲಿ ಮಕ್ಕಳು ಮಾಡಿದ ಚಿತ್ರ, ಕೆಳಗೆ ಗೋಡೆ ಹಲಗೆ. ಯಾವ ಮಗು ಏಣಿಯ ಯಾವ ಮೆಟ್ಟಿಲಲ್ಲಿ ಇದೆ ಅಂತ ಪ್ರಗತಿ ನೋಟ ಅನ್ನುವ ಪಟ್ಟಿಯಲ್ಲಿ ಗುರುತು. ಹದಿನೈದು ದಿನ ರಜೆ ಹಾಕಿ ಬಂದ ಮಗು ತಾನು ಬಿಟ್ಟ ಕಾರ್ಡಿನಿಂದಲೇ ಮುಂದುವರಿಯಬಹುದು. ಒಳ್ಳೆಯ ವ್ಯವಸ್ಥೆ ಅದು, ಇವತ್ತಿಗೂ ಹೇಳುತ್ತೇನೆ. 2009-10ರಲ್ಲಿ ರಾಜ್ಯಕ್ಕೆಲ್ಲ ಹರಡಿದರು. ಆಮೇಲೆ ಏನಾಯ್ತು? ತಪಾಸಣೆಗೆ ಬಂದವರು ಪ್ರಗತಿ ನೋಟ ತುಂಬಿದೆಯಾ ಅಂತ ನೋಡಿದರು. ತುಂಬಿತ್ತು. ಮಗುವನ್ನು ಕರೆದು ಮಾತಾಡಿಸಿದವರು ಕಮ್ಮಿ.

ಈಗ ವಿಧಾನಕ್ಕೆ ಬರುತ್ತೇನೆ. ನಾನು ಒಂದು, ಎರಡನೇ ತರಗತಿಗೆ ಮಾಡುವುದು, ನಿಮಗೂ ಆಗುತ್ತದೆ. ದಿನಕ್ಕೆ ಮೂರೇ ಮಕ್ಕಳು. ಹೆಸರು ಬೆಳಿಗ್ಗೆಯೇ ಹಲಗೆಯ ಮೂಲೆಯಲ್ಲಿ ಬರೆದಿರುತ್ತೇನೆ. ಜೇಬಿನಲ್ಲಿ ಹಳೇ ಕ್ಯಾಲೆಂಡರಿನ ಚೀಟಿ ಮತ್ತು ಮೋಟು ಪೆನ್ಸಿಲ್. ಕಂಡದ್ದು ಮೂರ್ನಾಲ್ಕು ಸಾಲು, ತಾರೀಖು. ಮಗು ಏನಾದರೂ ಅಂದರೆ ಅದರ ಬಾಯಲ್ಲಿ ಬಂದ ಹಾಗೇ. ಸಂಜೆ ಆ ಚೀಟಿ ಆ ಮಗುವಿನ ಲಕೋಟೆಗೆ. ಎರಡು ವಾರಕ್ಕೊಮ್ಮೆ ಒಂದು ಸುತ್ತು ಮುಗಿಯುತ್ತದೆ. ಮೂರರಲ್ಲಿ ಒಂದು ಮಗು ಅವತ್ತು ಸುಮ್ನೆ ಗೋಡೆ ಒರಗಿ ಕೂತಿದ್ದರೆ ಅದನ್ನೂ ಬರೆಯುತ್ತೇನೆ.

ಅಂಗಳದಕ್ಕ
ಮೇಷ್ಟ್ರೇ, ಲಕೋಟೆ ಯಾರು ಕೊಡುತ್ತಾರೆ?

ನಲಿಕಲಿ ಮೇಷ್ಟ್ರು
ಮದುವೆ ಆಮಂತ್ರಣದ್ದು. ನಮ್ಮೂರಲ್ಲಿ ಮೇ ತಿಂಗಳಲ್ಲಿ ವರ್ಷಕ್ಕಾಗುವಷ್ಟು ಸಿಗುತ್ತದೆ. ಹೊರಗೆ ಯಾರದ್ದೋ ಶುಭವಿವಾಹ, ಒಳಗೆ ನಮ್ಮ ಮಕ್ಕಳ ಕಲಿಕೆ.

ಆಕ್ಲೆಂಡ್ ಅಮ್ಮ
ನ್ಯೂಜಿಲೆಂಡಿನಿಂದ ಬರೆಯುತ್ತಿದ್ದೇನೆ, ಊರು ಹಾಸನ. ಇಲ್ಲಿ 1996ರಿಂದ ಟೆ ಫಾರಿಕಿ ಅಂತ ಚಿಕ್ಕ ಮಕ್ಕಳ ಪಠ್ಯಕ್ರಮ ಇದೆ. ದಾಖಲೆಗೆ ಲರ್ನಿಂಗ್ ಸ್ಟೋರಿ ಬರೆಯುತ್ತಾರೆ. ವೈಕಾಟೊ ವಿಶ್ವವಿದ್ಯಾಲಯದ ಮಾರ್ಗರೆಟ್ ಕಾರ್ ಮತ್ತು ಜೊತೆಯವರು ರೂಪಿಸಿದ ಕ್ರಮ. ಮಗುವಿಗೇ ಪತ್ರ ಬರೆದ ಹಾಗೆ ಇರುತ್ತದೆ. "ನೀನು ಇವತ್ತು ಮರಳಿನ ಗುಂಡಿಗೆ ನೀರು ಹೊತ್ತೆ. ಮೊದಲ ಬಕೆಟ್ ಇಂಗಿ ಹೋಯ್ತು. ಓಡಿ ಹೋಗಿ ಇನ್ನೊಂದು ತಂದೆ. ಮೂರನೇ ಸಲ ತಳಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿದೆ." ಇದು ನನ್ನ ಮಗನದ್ದು. ಕೆಳಗೆ, ಇದರಲ್ಲಿ ಟೀಚರ್‌ಗೆ ಏನು ಕಂಡಿತು, ಮುಂದೆ ಏನು ಮಾಡೋಣ ಅಂತ ಇರುತ್ತದೆ. ಕೊನೆಗೆ ಮನೆಯವರು ಬರೆಯಲು ಜಾಗ.

ವಿಡಿಯೋ ಕಾಲ್‌ನಲ್ಲಿ ಕನ್ನಡದಲ್ಲಿ ಓದಿ ಹೇಳಿದೆ. ನಮ್ಮಪ್ಪ ರೈತರು. "ಹಾಳೆ ಹಾಸಿದ್ನಾ? ಯಾರೂ ಹೇಳಿಕೊಡದೆ? ಕೃಷಿ ಹೊಂಡಕ್ಕೆ ನಾವು ಹಾಸೋದೂ ಅದೇ" ಅಂದರು. ಅದನ್ನು ಇಂಗ್ಲಿಷಿನಲ್ಲಿ ಬರೆದು ಕಳಿಸಿದೆ. ಮುಂದಿನ ವಾರ ಅವರ ಟೀಚರ್ ಹೊಂಡಗಳ ಚಿತ್ರ ತಂದು ಎಲ್ಲ ಮಕ್ಕಳಿಗೂ ತೋರಿಸಿದ್ದರು.

ಕರಾವಳಿ ಕಾಕು
ಚೆಂದ ಇದೆ. ಆದರೆ ಒಂದು ಪ್ರಶ್ನೆ. ಮಗ ಪಕ್ಕದವನ ತಲೆಗೆ ಬಕೆಟ್ ಹೊಡೆದ ದಿನದ ಸ್ಟೋರಿ ಬಂತಾ?

ಆಕ್ಲೆಂಡ್ ಅಮ್ಮ
ಹ್ಹ ಹ್ಹ. ಅದು ಇನ್ಸಿಡೆಂಟ್ ರಿಪೋರ್ಟ್ ಆಗಿ ಬಂತು, ಬೇರೆ ಫಾರ್ಮ್. ನೀವು ಹೇಳಿದ್ದು ನಿಜ. ಮನೆಯಲ್ಲಿ ಒಂದು ಕಟ್ಟು ಸ್ಟೋರಿ ಇದೆ. ಅರ್ಧಕ್ಕರ್ಧ ಬರೀ ಹೊಗಳಿಕೆ. ನೀರಿನದ್ದು ನೆನಪಿದೆ, ಉಳಿದದ್ದು ನೆನಪಿಲ್ಲ.

ಬಿಳಿಗೋಡೆ
ದಾಖಲೆ ಅಪ್ಪ ಅಮ್ಮನಿಗೆ ಹೋಗುತ್ತದೆ ಅಂದ ತಕ್ಷಣ ಟೀಚರ್ ಕೈ ತಾನಾಗಿ ಮೆತ್ತಗಾಗುತ್ತದೆ. ಅದಕ್ಕೇ ನಾನು ಎರಡು ಇಡಿ ಅನ್ನುತ್ತೇನೆ. ಮನೆಗೆ ತೋರಿಸುವ ಫೈಲ್ ಒಂದು, ನಿಮ್ಮ ಸ್ವಂತ ಚೀಟಿಗಳು ಇನ್ನೊಂದು.

ಕರಾವಳಿ ಕಾಕು
ಒಪ್ಪಲ್ಲ. ಎರಡು ಲೆಕ್ಕ ಇಡುವುದು ಅಂಗಡಿಯವರ ಕೆಲಸ. ನನ್ನ ಮಗುವಿನ ಬಗ್ಗೆ ಏನು ಬರೆದಿದ್ದೀರೋ ಅದು ನನಗೆ ಕಾಣಬೇಕು. ಹೊಡೆದ, ಯಾಕೆ ಹೊಡೆದ, ಅದಕ್ಕೆ ಮೊದಲು ಏನಾಯ್ತು, ಎಲ್ಲ.

ಬಿಳಿಗೋಡೆ
ನೀವು ನೋಡುತ್ತೀರಿ, ಸರಿ. ಎಲ್ಲ ಅಪ್ಪಂದಿರೂ ನಿಮ್ಮ ಹಾಗೆ ಇರಲ್ಲ. "ಇವತ್ತು ಪ್ಯಾಂಟಿನಲ್ಲೇ ಮಾಡಿಕೊಂಡ" ಅಂತ ಬರೆದದ್ದಕ್ಕೆ ಮನೆಯಲ್ಲಿ ಬರೆ ಬಿದ್ದ ಮಗು ನನಗೆ ಗೊತ್ತು. ಬಾಯಲ್ಲಿ ಹೇಳಬೇಕಾದದ್ದು ಇರುತ್ತದೆ, ಬರೆದು ಕಳಿಸಬೇಕಾದದ್ದು ಇರುತ್ತದೆ.

ಕರಾವಳಿ ಕಾಕು
ಅದಕ್ಕೆ ಉತ್ತರ ಇಲ್ಲ ನನ್ನ ಹತ್ತಿರ. ಆದರೂ ಎರಡು ಲೆಕ್ಕಕ್ಕೆ ನನ್ನ ವಿರೋಧ ಇದೆ.

ಅಜ್ಜಿ ಅಂಗಳ
ಫೈಲ್ ಅಂದರೆ ನಮ್ಮ ಮೊಮ್ಮಗನ ಶಾಲೆಯದ್ದು ನೋಡಬೇಕು. ವರ್ಷದ ಕೊನೆಗೆ ಮೂರು ಕೆಜಿ ತೂಕದ ಫೈಲ್ ಕೊಟ್ಟರು. ನೂರು ಹಾಳೆ, ನೂರರಲ್ಲೂ ಅದೇ ಮಾವಿನಹಣ್ಣು, ಗೆರೆ ದಾಟದೆ ಹಳದಿ ಬಣ್ಣ. ಗೆರೆ ದಾಟದೆ ಹಚ್ಚಿದ್ದು ಆಯಾ ಅಂತ ಅವನೇ ಹೇಳಿದ.

ಸುಮ್ನೆ ಓದುಗ
ಆಯಾ ಅವರ ಪ್ರಗತಿ ಚೆನ್ನಾಗಿದೆ ಅಂತಾಯ್ತು.

ತುಂಗಾತೀರ
ಅಯ್ಯೋ, ಇದು ನಮ್ಮಲ್ಲೂ ನಡೆಯುತ್ತದೆ. ಬೇಡ ಬಿಡಿ.

ಮಕ್ಕಳು ತಾವಾಗಿ ಗೀಚಿದ್ದನ್ನು ಇಟ್ಟುಕೊಂಡರೆ ಉಪಯೋಗ ಇದೆಯಾ? ಬರೀ ಸುತ್ತು ಸುತ್ತು ಗೆರೆ ಇರುತ್ತದಲ್ಲ. ಮ್ಯಾನೇಜ್‌ಮೆಂಟ್ ಅದನ್ನು ನೋಡಿ "ಇದೇನು ಕಸ" ಅನ್ನುತ್ತದೆ.

ಮಣ್ಣಿನ ಹಣತೆ
ನಾನು ಮೈಸೂರು, ಮಾಂಟೆಸ್ಸರಿ ಕಲಿತವಳು. ಗೀಚಿದ್ದನ್ನೇ ಇಡಿ. ಆದರೆ ಬರೀ ಹಾಳೆ ಇಟ್ಟರೆ ಕಸವೇ. ಹಿಂದೆ ತಾರೀಖು ಮತ್ತು ಮಗು ಹೇಳಿದ್ದು ಇರಬೇಕು.

ಒಂದು ಉದಾಹರಣೆ ಹೇಳುತ್ತೇನೆ. ನಾಲ್ಕು ವರ್ಷದ ಹುಡುಗ, ಕಪ್ಪು ಕ್ರೇಯಾನ್ ಹಿಡಿದು ಹಾಳೆ ಹರಿಯುವಷ್ಟು ಒತ್ತಿ ಗುಂಡಗೆ ಗುಂಡಗೆ ತಿರುಗಿಸಿದ. ಮೂಲೆಯಲ್ಲಿ ಚಿಕ್ಕ ಚೌಕ. "ಇದೇನೋ?" ಅಂದೆ. ಚೌಕ ತೋರಿಸಿ "ಬಸ್ಸು" ಅಂದ. ಕಪ್ಪು ಸುತ್ತು? "ಅದು ಬಸ್ಸಿನ ಸೌಂಡು. ದೂರ ಹೋದಾಗ ಸಣ್ಣ ಆಗುತ್ತೆ." ನೋಡಿದೆ, ಹೌದು, ಹಾಳೆಯ ಆ ಕಡೆ ಸುತ್ತುಗಳು ಚಿಕ್ಕದಾಗುತ್ತಾ ಹೋಗಿದ್ದವು! ನಾನು ಕೇಳದೇ ಇದ್ದಿದ್ದರೆ ಅದು ಕಪ್ಪು ಗೀಚು. ಚೆಕ್‌ಲಿಸ್ಟಿನಲ್ಲಿ ಅವನಿಗೆ "ಆಕಾರ ಬಿಡಿಸಲು ಬರುವುದಿಲ್ಲ" ಅಂತ ಬೀಳುತ್ತಿತ್ತು.

ಪುಟ್ಟಿ ಅಪ್ಪ
ಇದು ಸೂಪರ್. ಇಂಥದ್ದು ವಾರಕ್ಕೆ ಒಂದು ಕಳಿಸಿ, ಫೋಟೋನೇ ಬೇಡ ನನಗೆ.

ಕರಾವಳಿ ಕಾಕು
ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ @ತುಂಗಾತೀರ, ಮ್ಯಾನೇಜ್‌ಮೆಂಟ್‌ಗೆ ಪೇರೆಂಟ್ ಹೇಳಿದ ಮಾತು.

ಸುಮ್ನೆ ಓದುಗ
ಮಾಂಟೆಸ್ಸರಿ ಅಂದ್ರೆ ನೆನಪಾಯ್ತು. 2024ರಲ್ಲಿ ಅಂಗನವಾಡಿಗಳಿಗೂ ಸರ್ಕಾರಿ ಮಾಂಟೆಸ್ಸರಿ ಅಂತ ಬೋರ್ಡ್ ಹಾಕಲು ಶುರು ಮಾಡಿದರಲ್ಲ. ಒಳಗೆ ಏನಾದರೂ ಬದಲಾಯ್ತಾ?

ಅಂಗಳದಕ್ಕ
ನಮ್ಮ ಕಡೆ ಬೋರ್ಡೂ ಬಂದಿಲ್ಲ. ಮಕ್ಕಳು ಸರ್ಕಾರಿ ಶಾಲೆಯ ಎಲ್‌ಕೆಜಿಗೆ ಹೋಗುತ್ತಿದ್ದಾರೆ. ಮೂರು ವರ್ಷ ನಾವು ಸಾಕಿ, ಮಾತು ಕಲಿಸಿ, ಆಮೇಲೆ ಅಲ್ಲಿ ಯೂನಿಫಾರ್ಮ್ ಇದೆ ಅಂತ ಕಿತ್ತುಕೊಂಡು ಹೋದರೆ ನಮ್ಮ ಕೇಂದ್ರದ ಗತಿ ಏನು? ಅದಕ್ಕೇ ಬೆಂಗಳೂರಿಗೆ ಹೋಗಿ ಧರಣಿ ಕೂತಿದ್ದು.

ಬಿಳಿಗೋಡೆ
ಎಲ್‌ಕೆಜಿ ಬೇಕು ಅಂತ ಕೇಳುವವರು ಪೋಷಕರೇ ಅಲ್ವಾ? ಅವರಿಗೆ ಆಯ್ಕೆ ಇರಬಾರದಾ?

ಅಂಗಳದಕ್ಕ
ಅದೇ ಎಲ್‌ಕೆಜಿಯನ್ನು ನಮ್ಮ ಕೇಂದ್ರದಲ್ಲಿ, ನಮಗೇ ಟ್ರೇನಿಂಗ್ ಕೊಟ್ಟು ನಡೆಸಲಿ. ಆಯ್ಕೆ ಬೇಡ ಅಂತ ಯಾರು ಹೇಳಿದರು?

ಅಡ್ಮಿನ್
ಅಂಗನವಾಡಿ–ಎಲ್‌ಕೆಜಿ ಜಗಳಕ್ಕೆ ಬೇರೆ ಚರ್ಚೆ ಇದೆ, ಅಲ್ಲಿ 300 ಕಾಮೆಂಟ್ ಆಗಿದೆ. ಇಲ್ಲಿ ದಾಖಲೆ ಬಗ್ಗೆ ಮಾತ್ರ, ದಯವಿಟ್ಟು.

ಮಣ್ಣಿನ ಹಣತೆ
ಒಂದೇ ಒಂದು ಸೇರಿಸಿ ಬಿಡುತ್ತೇನೆ. ಈ ಪದ್ಧತಿ ಹುಟ್ಟುಹಾಕಿದ ಇಟಲಿಯ ಮಾರಿಯಾ ಮಾಂಟೆಸ್ಸರಿ 1939ರಲ್ಲಿ ಭಾರತಕ್ಕೆ ಬಂದರು. ಯುದ್ಧ ಶುರುವಾಗಿ 1946ರ ತನಕ ಇಲ್ಲೇ ಉಳಿದರು. ಮದ್ರಾಸಿನ ಅಡ್ಯಾರಿನಲ್ಲಿ, ಕೊಡೈಕನಾಲ್‌ನಲ್ಲಿ ಟೀಚರ್‌ಗಳಿಗೆ ತರಬೇತಿ ಕೊಟ್ಟರು. ಆ ತರಬೇತಿಯಲ್ಲಿ ಇವತ್ತಿಗೂ ಸುಮ್ಮನೆ ಕೂತು ಮಗುವನ್ನು ನೋಡುವುದು ಒಂದು ಪಾಠ. ಮಾತಾಡುವಂತಿಲ್ಲ, ಸಹಾಯ ಮಾಡುವಂತಿಲ್ಲ, ನೋಡಿ ಬರೆಯಬೇಕು. ನನಗೆ ಅದರಷ್ಟು ಕಷ್ಟದ ಪಾಠ ಇನ್ನೊಂದಿರಲಿಲ್ಲ, ಕೈ ತುರಿಸುತ್ತಿತ್ತು. ಬೋರ್ಡಿಗಿಂತ ಅದನ್ನು ಕೊಟ್ಟರೆ ಒಳ್ಳೆಯದು.

ಹೊಸಪೇಟೆ ಹೈದ
ಇಟಲಿ ಅಂದ ಮೇಲೆ ರೆಜಿಯೊ ಎಮಿಲಿಯಾ ಹೇಳದೆ ಇರಲು ಆಗಲ್ಲ. ಉತ್ತರ ಇಟಲಿಯ ಊರು. 1945ರಲ್ಲಿ ಯುದ್ಧ ಮುಗಿದ ಕೂಡಲೇ ಪಕ್ಕದ ವಿಲ್ಲಾ ಚೆಲ್ಲಾ ಅನ್ನುವ ಹಳ್ಳಿಯ ಜನ, ಜರ್ಮನ್ನರು ಬಿಟ್ಟು ಹೋದ ಒಂದು ಟ್ಯಾಂಕು, ಟ್ರಕ್ಕು, ಕುದುರೆ ಮಾರಿ ಆ ದುಡ್ಡಿನಲ್ಲಿ ಮಕ್ಕಳ ಶಾಲೆ ಕಟ್ಟಿದರು. ಲೋರಿಸ್ ಮಲಗುಝಿ ಅನ್ನುವ ಮೇಷ್ಟ್ರು ಸುದ್ದಿ ಕೇಳಿ ಸೈಕಲ್ ಹತ್ತಿ ನೋಡಲು ಹೋದವರು, ಅದೇ ಕೆಲಸಕ್ಕೆ ಜೀವಮಾನ ಕೊಟ್ಟರು. ಅಲ್ಲಿ ಮಕ್ಕಳ ಮಾತು, ಚಿತ್ರ, ಫೋಟೋ ಎಲ್ಲ ಗೋಡೆ ಮೇಲೆ ಇರುತ್ತದೆ. ಟೀಚರ್‌ಗಳು ಒಟ್ಟಿಗೆ ಕೂತು ಅದನ್ನು ಓದಿ, ಜಗಳ ಆಡಿ, ಮುಂದೆ ಏನು ಅಂತ ನಿರ್ಧಾರ ಮಾಡುತ್ತಾರೆ. ಫೋಟೋ ಕೆಟ್ಟದ್ದಲ್ಲ ಅಂತ ಹೇಳಲು ಇದನ್ನು ಹೇಳಿದೆ. ಮಗುವಿನ ಮುಖದ ಫೋಟೋ ತೆಗೆಯಬೇಡಿ, ಕೈಯದ್ದು ತೆಗೆಯಿರಿ.

ತುಂಗಾತೀರ
"ಮುಖ ಬೇಡ, ಕೈ" — ಇದು ನಾಳೆಯೇ ಮಾಡಬಹುದು. ಕೈ ಫೋಟೋಗೆ ಮಗು ತಲೆ ಎತ್ತಬೇಕಾಗಿಲ್ಲ!

ನಲಿಕಲಿ ಮೇಷ್ಟ್ರು
ರೆಜಿಯೊದಲ್ಲಿ ತರಗತಿಗೆ ಇಬ್ಬರು ಟೀಚರ್, ಚಿತ್ರಕಲೆಗೆ ಮತ್ತೊಬ್ಬರು. ನಮಗೆ ಒಬ್ಬರೇ, ಅವರೂ ಚುನಾವಣೆ ಡ್ಯೂಟಿಯಲ್ಲಿ. ಕತೆ ಕೇಳಲು ಚೆನ್ನಾಗಿದೆ.

ಹೊಸಪೇಟೆ ಹೈದ
ಟ್ಯಾಂಕ್ ಮಾರಿದವರಿಗೆ ಆಗ ಮೇಷ್ಟ್ರೇ ಇರಲಿಲ್ಲ ಸಾರ್.

ನಲಿಕಲಿ ಮೇಷ್ಟ್ರು
ನಮ್ಮ ಶಾಲೆಗೆ ಒಂದು ಟ್ಯಾಂಕ್ ಇದೆ, ಸಿಂಟೆಕ್ಸ್. ಸೋರುತ್ತದೆ. ಯಾರೂ ಕೊಳ್ಳಲ್ಲ.

ಅಜ್ಜಿ ಅಂಗಳ
😂😂

ವಕೀಲರ ಮಗಳು
ಫೋಟೋ ವಿಷಯದಲ್ಲಿ ಯಾರೂ ಹೇಳದ್ದು ಒಂದಿದೆ. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯಿದೆ ಬಂದಿದೆ. ಅದರ ಪ್ರಕಾರ 18ರ ಒಳಗಿನವರೆಲ್ಲ ಮಕ್ಕಳು, ಅವರ ಮಾಹಿತಿ ಬಳಸಲು ಅಪ್ಪ ಅಮ್ಮನ ಒಪ್ಪಿಗೆ ಬೇಕು. ಶಾಲೆಗಳಿಗೆ ಕೆಲವು ವಿನಾಯಿತಿ ಇದೆ, ಆದರೆ ಮಗುವಿನ ಫೋಟೋವನ್ನು ಜಾಹೀರಾತಿಗೆ ಹಾಕಿಕೊಳ್ಳಬಹುದು ಅಂತ ಅದರ ಅರ್ಥ ಅಲ್ಲ. ಅಡ್ಮಿಶನ್ ಫಾರ್ಮಿನ ಹಿಂದೆ ಸಣ್ಣ ಅಕ್ಷರದಲ್ಲಿ ಸಹಿ ಹಾಕಿಸಿಕೊಂಡಿದ್ದಾರಾ ಅಂತ ನೋಡಿ. ಆ್ಯಪ್ ಕಂಪನಿ ಆ ಫೋಟೋಗಳನ್ನು ಎಷ್ಟು ವರ್ಷ ಇಟ್ಟುಕೊಳ್ಳುತ್ತದೆ ಅಂತಲೂ ಕೇಳಿ.

ಪುಟ್ಟಿ ಅಪ್ಪ
ಕೇಳಿದರೆ ಶಾಲೆಯವರು "ನೀವು ಒಬ್ಬರೇ ಹೀಗೆ ಕೇಳೋದು" ಅನ್ನುತ್ತಾರೆ. ನೋಡೋಣ, ಕೇಳುತ್ತೇನೆ.

ಅಂಗಳದಕ್ಕ
ಅಡ್ಮಿನ್ ಬೈದರು, ಇರಲಿ. ದಾಖಲೆ ಬಗ್ಗೆಯೇ ಹೇಳುತ್ತೇನೆ ಈಗ.

ನಮ್ಮದು ತಾಂಡಾ ಪಕ್ಕದ ಕೇಂದ್ರ. ಅರ್ಧ ಮಕ್ಕಳು ಮನೆಯಲ್ಲಿ ಲಂಬಾಣಿ ಮಾತಾಡುತ್ತಾರೆ. ಚಿಲಿಪಿಲಿ ಅನ್ನುವ ಅಂಗನವಾಡಿ ಪಠ್ಯಕ್ರಮದ ಚಟುವಟಿಕೆ ಮಾಡಿಸಿ ಆಮೇಲೆ ಗುರುತು ಹಾಕಬೇಕು: ಕತೆ ಕೇಳಿ ಪ್ರಶ್ನೆಗೆ ಉತ್ತರಿಸುತ್ತದೆಯೇ, ಸರಳ ವಾಕ್ಯ ಹೇಳುತ್ತದೆಯೇ. ಒಬ್ಬ ಹುಡುಗ ಎಲ್ಲದಕ್ಕೂ ಬಾಯಿ ಮುಚ್ಚಿ ಕೂತಿರುತ್ತಿದ್ದ. ಎಲ್ಲ ಕಡೆ "ಇಲ್ಲ" ಬೀಳಬೇಕಿತ್ತು. ಆದರೆ ನಮ್ಮ ಸಹಾಯಕಿ ತಾಂಡಾದವಳೇ. ಅವಳು ಒಲೆ ಮುಂದೆ ಕೂತಾಗ ಅವನು ಹಿಂದೆ ಹೋಗಿ ಕೂರುತ್ತಿದ್ದ. "ಅಕ್ಕಾ, ಇವನು ರಾತ್ರಿ ಮೇಕೆ ಮರಿ ಹಾಕಿದ್ದನ್ನು ಮೊದಲಿಂದ ಕೊನೆ ತನಕ ಹೇಳಿದ. ಮರಿ ಕಾಲು ಮೊದಲು ಬಂತಂತೆ, ಅವರ ಅಜ್ಜ ಕೈ ಹಾಕಿ ತಿರುಗಿಸಿದರಂತೆ, ಆಮೇಲೆ ಎದ್ದು ನಿಲ್ಲಲು ಎರಡು ಸಲ ಬಿತ್ತಂತೆ" ಅಂದಳು. ಮಾತು ಬರದ ಹುಡುಗ!

ಆ ದಿನದಿಂದ ಅವಳು ಹೇಳುತ್ತಾಳೆ, ನಾನು ಬರೆಯುತ್ತೇನೆ. ಯಾವ ಭಾಷೆಯಲ್ಲಿ ಹೇಳಿದ ಅಂತಲೂ ಬರೆಯುತ್ತೇನೆ. ಮೇಕೆ ಕತೆಯನ್ನು ಕನ್ನಡದಲ್ಲಿ ನಾನು ಶುರು ಮಾಡಿದೆ, ಅವನು ನಡುವೆ ನಡುವೆ ತಪ್ಪು ತಿದ್ದಿದ. ಲಂಬಾಣಿಯಲ್ಲೇ ತಿದ್ದಿದ, ತಿದ್ದಲಿ.

ಬಿಳಿಗೋಡೆ
@ಅಂಗಳದಕ್ಕ ಇದನ್ನು ತರಬೇತಿಯಲ್ಲಿ ಹೇಳಲು ಅನುಮತಿ ಕೊಡುತ್ತೀರಾ? ಬರೆಯುವುದು ಟೀಚರ್ ಒಬ್ಬರದ್ದೇ ಕೆಲಸ ಅಂದುಕೊಂಡಿದ್ದೇವೆ. ಅಡುಗೆ ಮಾಡುವವರು, ಆಯಾ, ವ್ಯಾನ್ ಡ್ರೈವರ್, ಇವರಿಗೆ ಕಾಣುವ ಮಗುವೇ ಬೇರೆ.

ಅಂಗಳದಕ್ಕ
ಹೇಳಿ. ಸಹಾಯಕಿಯ ಹೆಸರು ಸೇರಿಸಿ ಅಂತ ಅವಳು ಹೇಳುತ್ತಿದ್ದಾಳೆ, ಪಕ್ಕದಲ್ಲೇ ಇದ್ದಾಳೆ. ಬೇಡ ಅಂದೆ.

ಮಾಜಿ ಸೂಪರ್‌ವೈಸರ್
ಎಲ್ಲ ಓದಿದೆ. ಚೆಕ್‌ಲಿಸ್ಟನ್ನು ಎಲ್ಲರೂ ಬೈಯುತ್ತಿದ್ದೀರಿ, ನಾನು ಅದರ ಪರ. ಒಂದು ವೃತ್ತದಲ್ಲಿ ಇಪ್ಪತ್ತು ಚಿಲ್ಲರೆ ಅಂಗನವಾಡಿ ಕೇಂದ್ರ ನೋಡಿಕೊಳ್ಳುತ್ತಿದ್ದೆ. ಚೀಟಿ, ಕತೆ ಎಲ್ಲ ಓದುತ್ತಾ ಕೂರಲು ನನಗೆ ಸಮಯ ಎಲ್ಲಿತ್ತು? ಟಿಕ್ ಇದ್ದರೆ ಒಂದು ನೋಟಕ್ಕೆ ಗೊತ್ತಾಗುತ್ತದೆ. ಮೂರೂವರೆ ವರ್ಷವಾದರೂ ಎರಡು ಪದ ಜೋಡಿಸಿ ಹೇಳದ ಮಗು, ಹೆಸರು ಕರೆದರೆ ತಿರುಗದ ಮಗು, ಇಂಥವರನ್ನು ಹಿಡಿದದ್ದು ಚೆಕ್‌ಲಿಸ್ಟೇ. ಅದರಲ್ಲಿ ಒಬ್ಬಳಿಗೆ ಕಿವಿ ಕೇಳುತ್ತಿರಲಿಲ್ಲ ಅಂತ ಆಮೇಲೆ ಗೊತ್ತಾಯಿತು. ಟೀಚರ್ ಅವಳ ಬಗ್ಗೆ ಏನು ಬರೆದಿದ್ದಳು ಗೊತ್ತಾ? "ಶಾಂತ ಸ್ವಭಾವ."

ಕರಾವಳಿ ಕಾಕು
ಅಬ್ಬಾ.

ಮಣ್ಣಿನ ಹಣತೆ
ಇದನ್ನು ಒಪ್ಪುತ್ತೇನೆ. ಆದರೆ "ಶಾಂತ ಸ್ವಭಾವ" ಬರೆದದ್ದೇ ಟೀಚರ್ ನೋಡದೆ ಬರೆದದ್ದು ಅಲ್ವಾ? "ಹಿಂದಿನಿಂದ ಕರೆದೆ, ತಿರುಗಲಿಲ್ಲ. ಮುಂದೆ ಬಂದು ಕೈ ತೋರಿಸಿದೆ, ಬಂದಳು" ಅಂತ ಎರಡು ಸಲ ಬರೆದಿದ್ದರೆ ಟಿಕ್ ಬರುವ ಮೊದಲೇ ಕಿವಿ ಡಾಕ್ಟರ್ ಹತ್ತಿರ ಹೋಗಬಹುದಿತ್ತು.

ಮಾಜಿ ಸೂಪರ್‌ವೈಸರ್
ಇದ್ದರೆ, ಹೋದರೆ. ಇರಲಿಲ್ಲ. ಟಿಕ್ ಇತ್ತು.

ಪುಟ್ಟಿ ಅಪ್ಪ
ಆಫ್ ಟಾಪಿಕ್: ಒಂದನೇ ಕ್ಲಾಸಿಗೆ ಆರು ವರ್ಷ ತುಂಬಬೇಕು ಅನ್ನೋದು ಈಗ ಏನಾಗಿದೆ? 2025ರಲ್ಲಿ ಐದು ವರ್ಷ ಐದು ತಿಂಗಳು ಅಂತ ಒಂದು ವರ್ಷಕ್ಕೆ ಸಡಿಲ ಮಾಡಿದ್ದರು. ಪುಟ್ಟಿ ಜುಲೈನಲ್ಲಿ ಹುಟ್ಟಿದವಳು.

ಅಜ್ಜಿ ಅಂಗಳ
ಇನ್ನೊಂದು ವರ್ಷ ಆಡಿಕೊಂಡಿರಲಿ ಬಿಡಪ್ಪ. ಏನು ಕಲೆಕ್ಟರ್ ಆಗುವುದು ತಪ್ಪುತ್ತದಾ?

ತುಂಗಾತೀರ
ಒಂದು ಅಪ್‌ಡೇಟ್. ಆ ಪಠ್ಯಕ್ರಮ ಚೌಕಟ್ಟಿನ ಎರಡು ಪುಟ ಮತ್ತು ಪುಟ್ಟಿ ಅಪ್ಪನವರ ಕಾಮೆಂಟ್ ಮ್ಯಾನೇಜ್‌ಮೆಂಟ್‌ಗೆ ತೋರಿಸಿದೆ. ದಿನಾ ಫೋಟೋ ಪೂರ್ತಿ ಬಿಡಲು ಒಪ್ಪಲಿಲ್ಲ. "ಪಕ್ಕದ ಶಾಲೆ ಕಳಿಸುತ್ತದೆ" ಅಂದರು. ಆದರೆ ದಿನಕ್ಕೆ ಒಂದು ಗ್ರೂಪ್ ಫೋಟೋ, ಜೊತೆಗೆ ಪ್ರತಿ ಮಗುವಿಗೆ ಎರಡು ವಾರಕ್ಕೆ ಒಂದು ಟಿಪ್ಪಣಿ ಅನ್ನುವುದಕ್ಕೆ ತಲೆ ಆಡಿಸಿದ್ದಾರೆ. ಮುಂದಿನ ತಿಂಗಳ ಪೇರೆಂಟ್ ಮೀಟಿಂಗ್ ತನಕ ನೋಡೋಣ ಅಂದರು.

ಇನ್ನೊಂದು ಡೌಟ್. ಇಷ್ಟೆಲ್ಲ ಬರೆದು ಯುಕೆಜಿ ಮುಗಿಸಿ ಮಗು ಬೇರೆ ಶಾಲೆಗೆ ಹೋಗುತ್ತದೆ. ಆ ಲಕೋಟೆಯನ್ನು ಒಂದನೇ ತರಗತಿಯ ಟೀಚರ್ ಓದುತ್ತಾರಾ?

ನಲಿಕಲಿ ಮೇಷ್ಟ್ರು
ನನಗೆ ಇವತ್ತಿನ ತನಕ ಯಾರೂ ಕೊಟ್ಟಿಲ್ಲ. ಅಂಗನವಾಡಿಯಿಂದ ಜನ್ಮ ದಿನಾಂಕ ಬರುತ್ತದೆ, ಆಧಾರ್ ಬರುತ್ತದೆ, ಮಗು ಬರುತ್ತದೆ. ಲಕೋಟೆ ಕೊಟ್ಟರೆ ಓದುತ್ತೀರಾ ಅಂದರೆ, ನಿಜ ಹೇಳಬೇಕಾದರೆ, ಜೂನ್ ತಿಂಗಳಲ್ಲಿ ದಪ್ಪ ಲಕೋಟೆ ಬಿಚ್ಚಲು ಪುರುಸೊತ್ತು ಇರಲ್ಲ. ಒಂದು ಪುಟ ಕೊಡಿ, ಖಂಡಿತ ಓದುತ್ತೇನೆ. ಮನೆಯಲ್ಲಿ ಯಾವ ಭಾಷೆ. ಅತ್ತರೆ ಯಾವುದಕ್ಕೆ ಸುಮ್ಮನಾಗುತ್ತದೆ. ಯಾರ ಜೊತೆ ಕೂರಿಸಿದರೆ ಮಾತಾಡುತ್ತದೆ. ಬೀಜ ಕೊಡು ಅಂದರೆ ಎಷ್ಟರ ತನಕ ಸರಿಯಾಗಿ ಕೊಡುತ್ತದೆ. ತನ್ನ ಹೆಸರು ಗುರುತಿಸುತ್ತದಾ. ಎಡಗೈಯಾ ಬಲಗೈಯಾ. ಗಂಟೆಗಟ್ಟಲೆ ಬಿಡದೆ ಮಾಡುವ ಆಟ ಯಾವುದು. ಮಗು ಹೇಳಿದ ಒಂದು ಮಾತು, ಹಾಗೆ ಹಾಗೇ. ಇಷ್ಟು ಸಿಕ್ಕರೆ ನನಗೆ ಮೊದಲ ಎರಡು ತಿಂಗಳು ಉಳಿಯುತ್ತದೆ.

ಅಂಗಳದಕ್ಕ
ಈ ಸಲ 9 ಮಕ್ಕಳು ಒಂದನೇ ತರಗತಿಗೆ ಹೋಗುತ್ತಿದ್ದಾರೆ ನಮ್ಮ ಕೇಂದ್ರದಿಂದ. ಬರೆದು ಕೊಡುತ್ತೇನೆ. ಒಂದು ಪುಟ ಅಂದರೆ ಎರಡೂ ಬದಿನಾ ಮೇಷ್ಟ್ರೇ?

ನಲಿಕಲಿ ಮೇಷ್ಟ್ರು
ಒಂದೇ ಬದಿ. ಹಿಂದೆ ಮಗು ಏನಾದರೂ ಗೀಚಲಿ.